ಗಣಿದಿಬ್ಬಕ್ಕೆ ಮೇಲ್ಮಣ್ಣಿನ ಹೊದಿಕೆ: ಬೇಕೇ, ಬೇಡವೇ?

ಪರ

ತೆರೆದ ಗಣಿಯಲ್ಲಿ ಕಲ್ಲಿದ್ದಲನ್ನು ಮುಟ್ಟುವ ಮೊದಲು ಅದರ ಮೇಲಿರುವ ಮರಳುಗಲ್ಲು, ಪದರುಪದರಾದ ಶೇಲ್ ಕಲ್ಲು ಮುಂತಾದವನ್ನೆಲ್ಲ ಸಿಡಿಸಿ ಒಂದೆಡೆ ದಿಬ್ಬವಾಗಿ ಸುರಿಯಬೇಕಾಗುತ್ತದೆ. ಗಣಿಯವರು ‘ಓಬಿ’ ಎಂದು ಕರೆಯುವ ಈ ರಾಶಿಯಲ್ಲಿ ಸಾರಜನಕವಾಗಲಿ, ಕೊಳೆತ ಎಲೆಯ ಅಂಶವಾಗಲಿ ಹೆಸರಿಗಷ್ಟೇ ಇರುತ್ತದೆ. ಅಗೆಯುವ ಮುನ್ನ ಕೆರೆದು ತೆಗೆದ ಮೇಲ್ಮಣ್ಣನ್ನು ದಿಬ್ಬದ ಮೇಲೆ ಮರಳಿ ಹರಡದೆ ಅಲ್ಲಿ ಹಸಿರನ್ನು ನಿರೀಕ್ಷಿಸುವುದು, ಹೆಪ್ಪು ಹಾಕದೆ ಮೊಸರು ಬಯಸಿದಂತೆ.

ಮಧ್ಯಪ್ರದೇಶದ ಸಿಂಗ್ರೌಲಿ ಪ್ರದೇಶದ ಗಣಿಯೊಂದರಲ್ಲಿ ಸಸಿ ನೆಡಿಸುವ ಕೆಲಸವನ್ನು ನಾನು ಕೆಲಕಾಲ ನೋಡಿಕೊಂಡಿದ್ದೆ. ದಿಬ್ಬದ ಪೂರ್ವದ ಇಳಿಜಾರಿಗೆ ಮೇಲ್ಮಣ್ಣು ಬಿದ್ದಿತ್ತು. ಪಶ್ಚಿಮಕ್ಕೆ ಬರುವಷ್ಟರಲ್ಲಿ ಮುಗಿದಿತ್ತು. ಮೇ ತಿಂಗಳಿನಲ್ಲಿ ಪಶ್ಚಿಮದ ಕಪ್ಪು ಶೇಲ್ ಮೇಲೆ ನಿಂತರೆ ಚಪ್ಪಲಿಯೊಳಗೇ ಅಂಗಾಲು ಚುರುಗುಟ್ಟುತ್ತಿತ್ತು. ಶೀಶಮ್ ಸಸಿಗಳ ಕಾಂಡ ನೆಲಮಟ್ಟದಲ್ಲಿ ಉಂಗುರದಂತೆ ಕಂದಿ, ಮುಟ್ಟಿದರೆ ಮುರಿಯುತ್ತಿತ್ತು. ಪೂರ್ವದಲ್ಲಿ ನಾವು ನೆಟ್ಟ ಸಸಿಗಳ ನಡುವೆ ನಾವು ನೆಡದ ಮುತ್ತುಗ ಚಿಗುರಿತ್ತು. ಬಗೆದು ನೋಡಿದಾಗ ಕೆಳಗೆ ಸಿಕ್ಕಿದ್ದು ಮಣ್ಣಿನೊಂದಿಗೇ ಬಂದಿದ್ದ, ಹೆಬ್ಬೆರಳು ಗಾತ್ರದ ಬೇರಿನ ತುಂಡು. ಆ ಮೇಲೆ ನನಗೆ ಬೇರೆ ಪುರಾವೆ ಬೇಕೆನಿಸಿಲ್ಲ.

ವರ್ಷಗಟ್ಟಲೆ ರಾಶಿ ಹಾಕಿಟ್ಟ ಮಣ್ಣು ಒಳಗೊಳಗೇ ಸಾಯುತ್ತದೆ ಎಂಬ ಆಕ್ಷೇಪವಿದೆ. ರಾಶಿ ಹಾಕಿದವನ ತಪ್ಪಿಗೆ ಮಣ್ಣನ್ನೇಕೆ ದೂರಬೇಕು? ಮೇಲ್ಮಣ್ಣನ್ನು ಬೇರೆಯಾಗಿ ತೆಗೆದು ಕಾಪಾಡಬೇಕೆಂದು ಅಮೆರಿಕ 1977ರಲ್ಲಿಯೇ ಕಾನೂನು ಮಾಡಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತನ್ನು ಗಣಿ ಗುತ್ತಿಗೆಗಳಲ್ಲಿ ಸೇರಿಸುವಂತೆ ನಮ್ಮ ಸುಪ್ರೀಂ ಕೋರ್ಟ್ 2020ರಲ್ಲಿ ಕೇಂದ್ರಕ್ಕೆ ಸೂಚಿಸಿತು. ಹುಲ್ಲು ಬೇರೂರಲು ಮಣ್ಣು ಬೇಕು ಎಂಬುದನ್ನು ನ್ಯಾಯಾಲಯವೇ ಬಿಡಿಸಿ ಹೇಳಬೇಕಾಗಿಲ್ಲ.

ವಿರೋಧ

ಈ ಪಕ್ಷ ನನ್ನ ಪಾಲಿಗೆ ಬಂದದ್ದು, ನಾನು ಆರಿಸಿಕೊಂಡದ್ದಲ್ಲ. ಮಣ್ಣು ಬೇಡವೆನ್ನಲು ರೈತನ ಮಗನಾದ ನನಗೆ ನಾಲಿಗೆ ಏಳುವುದು ಕಷ್ಟ. ಆದರೂ ಅಮೆರಿಕದ ಕಾನೂನಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಅಪಲಾಚಿಯಾ ಬೆಟ್ಟಸಾಲಿನಲ್ಲಿ ಆ ಕಾನೂನಿನನ್ವಯ ದಿಬ್ಬಗಳನ್ನು ಬುಲ್ಡೋಜರ್‌ಗಳಿಂದ ನಯಗೊಳಿಸಿದಾಗ ನೆಲ ಗಟ್ಟಿಯಾಯಿತು. ಹುಲ್ಲು ಬಂತು, ಕಾಡು ಬರಲಿಲ್ಲ. ಸುಮಾರು 4 ಅಡಿ ದಪ್ಪಕ್ಕೆ ಸಡಿಲವಾಗಿ ಸುರಿದು ಬಿಡಿರೆಂದು ಅಲ್ಲಿಯವರೇ ಆಮೇಲೆ ಹೇಳತೊಡಗಿದರು, ಅದೂ ಮೇಲ್ಮಣ್ಣು ಸಿಗದಿದ್ದರೆ ಶಿಥಿಲಗೊಂಡ ಮರಳುಗಲ್ಲಾದರೂ ಆಗಬಹುದೆಂದು. ಸಿಂಗ್ರೌಲಿಯ ಜಯಂತ್ ಗಣಿಯಲ್ಲಿಯೂ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಸ್ಥಳೀಯ ಮರಗಳನ್ನು ಓಬಿಯಲ್ಲೇ ಬೆಳೆಸಿ ಅಧ್ಯಯನ ಮಾಡಿದ್ದಾರೆ.

ಮಣ್ಣು ಹರಡಿದರೆ ಕಾಡು ತಾನಾಗಿ ಏಳುತ್ತದೆ ಎಂಬ ವಾದ, ಗಣಿಗೆ ಹಸಿರು ಶಾಲು ಹೊದಿಸಿ ಸನ್ಮಾನಿಸಿದಂತಿದೆ. ಮುತ್ತುಗದ ಬೇರಿನ ವಿಷಯ ನಿಜವೇ ಇರಬಹುದು, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪಶ್ಚಿಮದ ಇಳಿಜಾರಿಗೆ ಮಣ್ಣು ಸಾಲಲಿಲ್ಲವೆಂದು ಅವರೇ ಹೇಳಿದ್ದಾರಲ್ಲ. ಅದನ್ನು ಹೊರಗಿನಿಂದ ತರುವುದಾದರೆ ಯಾರದೋ ಹೊಲವನ್ನು ಕೆರೆಯಬೇಕಾಗುತ್ತದೆ. ಗಣಿಯದೇ ಮಣ್ಣು ಇದ್ದಷ್ಟನ್ನು ಹರಡಲಿ, ರಾಶಿ ಹಾಕಿಡದೆ ಅದೇ ವರ್ಷ ಹರಡಲಿ. ಹರಡಿದ ಮೇಲೆ ಬುಲ್ಡೋಜರ್ ಮಾತ್ರ ದಿಬ್ಬ ಹತ್ತದಿರಲಿ.