ತಂಗಿ ಪಾಲಿನ ಚೀಟಿ

ಹೇಳಿಕೆ ಲೆಕ್ಕವನ್ನು ನಮ್ಮ ಮಕ್ಕಳು ಓದುವುದೇ ಇಲ್ಲ. ‘ಒಟ್ಟು’ ಕಂಡರೆ ಕೂಡು, ‘ಉಳಿದ’ ಕಂಡರೆ ಕಳೆ, ‘ಸಮನಾಗಿ’ ಕಂಡರೆ ಭಾಗಿಸು. ಯಾರು ಏನು ಕೊಂಡರು, ಯಾರು ಮಾರಿದರು, ಅದೆಲ್ಲ ಯಾರಿಗೆ ಬೇಕು? ಈ ಚಾಳಿ ಬಿಡಿಸೋಕೆ ಅಂತಲೇ ಟ್ರೆಷರ್ ಹಂಟ್ ಇಟ್ಟೆ.

ಆಟ ಸುಲಭ. ಒಂದೊಂದು ಚೀಟಿಯ ತಲೆ ಮೇಲೆ ಒಂದು ಸಂಖ್ಯೆ, ಕೆಳಗೆ ಒಂದು ಲೆಕ್ಕ. ಆ ಲೆಕ್ಕದ ಉತ್ತರ ಇನ್ನೆಲ್ಲೋ ಅಂಟಿಸಿದ ಚೀಟಿಯ ತಲೆ ಮೇಲಿರುತ್ತದೆ. ಹುಡುಕು, ಬಿಡಿಸು, ಮುಂದೆ ಓಡು. ಕೊನೆಯ ಉತ್ತರ ಹೊರಟ ಚೀಟಿಗೇ ತಂದು ಬಿಡುತ್ತದೆ. ಹಾಗಾಗಿ ಒಂದೊಂದು ತಂಡ ಒಂದೊಂದು ಕಡೆಯಿಂದ ಹೊರಡಬಹುದು, ಜಾಣರ ಬೆನ್ನು ಹತ್ತೋಕೆ ಆಗಲ್ಲ. ಉತ್ತರ ತಪ್ಪಿದರೆ ಆ ಸಂಖ್ಯೆಯ ಚೀಟಿ ಎಲ್ಲೂ ಸಿಗುವುದಿಲ್ಲ. ಬೈಯುವ ಕೆಲಸ ಗೋಡೆಯೇ ಮಾಡುತ್ತದೆ.

ಪುಸ್ತಕದ ರೈಲು, ನೀರಿನ ತೊಟ್ಟಿ ಬಿಟ್ಟು ಚಿಕ್ಕಮಗಳೂರಿನ ಮಕ್ಕಳಿಗೆ ಗೊತ್ತಿರೋದನ್ನೇ ಬರೆದೆ. ಫಜೀತಿ ಶುರುವಾಗಿದ್ದೇ ಅಲ್ಲಿ.

ಹಾಸನದಿಂದ 50 ಕೆಜಿಯ 3 ಮೂಟೆ ಆಲೂಗಡ್ಡೆ ತಂದರು, 12 ಕೆಜಿ ಕೊಳೆಯಿತು, ಉಳಿದದ್ದು 6 ಕೆಜಿಯ ಎಷ್ಟು ಚೀಲ? 23 ಅಂತ ಓಡಬೇಕಾದ ತಂಡ ನಿಂತಲ್ಲೇ ನಿಂತಿತ್ತು. “ಮೂಟೆ ಬಿಚ್ಚಿ ನೋಡ್ದೆ ತಂದ್ರಾ ಮಿಸ್ ಇವ್ರು?” ಕೇಳಿದವನ ಅಜ್ಜಿ ಸಂತೆಯಲ್ಲಿ ವ್ಯಾಪಾರ ಮಾಡುತ್ತಾರೆ.

23ರ ಚೀಟಿ ಬಿಸಿಯೂಟದ ಅಡುಗೆಮನೆ ಬಾಗಿಲಲ್ಲಿತ್ತು. ಅಡುಗೆಯ ಅಕ್ಕ ಅದನ್ನು ಕಿತ್ತು, ಹಿಂದುಗಡೆ ಸಾಂಬಾರಿನ ಸಾಮಾನು ಬರೆದು ಅಂಗಡಿಗೆ ಕಳಿಸಿದ್ದರು. ಮಕ್ಕಳು ಅಲ್ಲಿಗೂ ಓಡಿದರು. ಅಷ್ಟರಲ್ಲಿ ಅಂಗಡಿಯವರು ಲೆಕ್ಕ ಬಿಡಿಸಿ, ಸರಿ ಇದೆಯಾ ಅಂತ ನನಗೇ ಕೇಳಿ ಕಳಿಸಿದರು. ಸರಿ ಇತ್ತು.

ಅಸಲಿ ಗಲಾಟೆ ಗುಂಟೆ ಚೀಟಿಯದು. ‘2 ಎಕರೆ 10 ಗುಂಟೆ ಕಾಫಿ ತೋಟವನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಂಡರೆ ಒಬ್ಬರಿಗೆಷ್ಟು?’ ಎಕರೆಗೆ 40 ಗುಂಟೆ, ಒಟ್ಟು 90, ತಲಾ 30. ಹುಡುಗರು ಓಡಿಯಾಯಿತು. ಹುಡುಗಿಯರ ತಂಡ ಮಾತ್ರ ಇಪ್ಪತ್ತೆರಡೂವರೆ ಚೀಟಿಗಾಗಿ ಶಾಲೆಯೆಲ್ಲ ಜಾಲಾಡುತ್ತಿತ್ತು.

“ಅದು ಹೆಂಗೆ ಬಂತ್ರೇ?”

“ಒಬ್ಳು ತಂಗಿ ಇದ್ದಾಳೆ ಮಿಸ್.”

“ಚೀಟೀಲಿ ಇಲ್ವಲ್ಲ?”

“ಚೀಟೀಲಿ ಇಲ್ಲ. ಮನೇಲಿ ಇರ್ತಾಳಲ್ವಾ?”

ಏನು ಹೇಳಲಿ? ಹಿಂದೂ ಮನೆಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ದೇಶಕ್ಕೆಲ್ಲ 2005ರಲ್ಲಿ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಇನ್ನೂ ಅಣ್ಣತಮ್ಮಂದಿರೇ ಹಂಚಿಕೊಳ್ಳುತ್ತಿದ್ದಾರೆ.

ನಾನು ಯೋಚಿಸುತ್ತಿರುವಾಗಲೇ ಅವರು ಒಂದು ಹಾಳೆ ಹರಿದು, ತಲೆ ಮೇಲೆ ‘22½’ ಬರೆದು, ಗಂಟೆ ಕಂಬಕ್ಕೆ ಅಂಟಿಸಿಬಿಟ್ಟರು. ಕೆಳಗೆ ಹೊಸ ಲೆಕ್ಕ: ‘ತಂಗಿಗೆ ಪಾಲು ಕೊಡದ ಮೂವರು ಅಣ್ಣಂದಿರು 8 ವರ್ಷ ಕೋರ್ಟಿಗೆ ಅಲೆದರು. ಒಬ್ಬೊಬ್ಬರಿಗೂ ವರ್ಷಕ್ಕೆ 15,000 ರೂಪಾಯಿ ಲಾಯರ್ ಫೀಸು. ಎಷ್ಟಾಯಿತು?’

ಹುಡುಗರು ಗುಣಿಸಿ ಗುಣಿಸಿ 3,60,000ಕ್ಕೆ ಬಂದು ನಿಂತರು. ಒಬ್ಬ ಪೆನ್ಸಿಲ್ ಕೆಳಗಿಟ್ಟು ಕೇಳಿದ, “ಮಿಸ್, ಇದಕ್ಕೆ ಎಷ್ಟು ಗುಂಟೆ ಮಾರ್ಬೇಕಾಗತ್ತೆ?”