ರಾಯರ ಕುಲಾಯಿ, ನಾಲ್ಕನೇ ಸೀಟು

ನಾವು ಮುಂಬೈ ಪಕ್ಕದ ಡೊಂಬಿವಲಿಗೆ ಬಂದು 11 ವರ್ಷವಾಯಿತು. ಎದುರು ಮನೆಯ ಕಾಕೂ ಅಷ್ಟೂ ವರ್ಷ ನನಗೆ ಕೇಳಿದ್ದು ಒಂದೇ ಪ್ರಶ್ನೆ. "ಸೀರೆಗೆ ಫಾಲ್ ಬೀಡಿಂಗ್ ಮಾಡ್ಕೊಡ್ತೀಯಾ?"

ತಪ್ಪು ಅವರದಲ್ಲ. ನನ್ನ ಕೆಲಸವೇ ಹಾಗಿದೆ. ಐದುನೂರು, ಎಂಟುನೂರು ವರ್ಷಗಳ ಹಿಂದೆ ಜನ ಏನು ಉಡುತ್ತಿದ್ದರು, ಯಾವ ನೂಲು, ಯಾವ ಬಣ್ಣ, ಯಾವ ಹೊಲಿಗೆ ಅಂತ ಹುಡುಕಿ, ಅದನ್ನೇ ಮತ್ತೆ ಕೈಯಿಂದ ಮಾಡುವುದು. ಸಂಬಳ ಇಲ್ಲ, ಪಿಎಫ್ ಇಲ್ಲ, ಯಾರಾದರೂ ಕರೆದರೆ ಕೆಲಸ. ಇದನ್ನೆಲ್ಲ ಕಾಕೂಗೆ ನನ್ನ ಹರಕು ಮರಾಠಿಯಲ್ಲಿ ಬಿಡಿಸಿ ಹೇಳಿದೆ. ಹೊಲಿಗೆ ಯಂತ್ರ ಬಳಕೆಗೆ ಬಂದದ್ದೇ 19ನೇ ಶತಮಾನದಲ್ಲಿ, ಹಾಗಾಗಿ ನಾನು ಮುಟ್ಟುವ ಹಾಗಿಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಯ್ಯೋ ಪಾಪ, ಮಶೀನ್ ತಗೊಳ್ಳೋಕೆ ಆಗಲಿಲ್ವಾ?" ಅಂದರು.

ನಮ್ಮ ಅತ್ತೆಯವರು ಗುಳೇದಗುಡ್ಡದವರು. ಖಣದ ಊರು, ಬಟ್ಟೆ ಅಂದರೆ ಗೊತ್ತು. ಅವರೂ ನನ್ನನ್ನು ಪರಿಚಯಿಸುವುದು "ನಮ್ಮ ಸೊಸಿ ಹರಕು ಅರಿವಿ ಡಾಕ್ಟರು" ಅಂತಲೇ.

ಈಜಿಪ್ಟಿನಲ್ಲಿ ಹಳೇ ಕೈರೋದ ಫುಸ್ತಾತ್ ಅನ್ನೋ ಜಾಗದಲ್ಲಿ ಗುಜರಾತಿನ ಅಚ್ಚಿನ ಬಟ್ಟೆಯ ಚೂರುಗಳು ಸಿಕ್ಕಿವೆ. ನಮ್ಮ ಮಳೆ, ಗೆದ್ದಲಿಗೆ ಇಲ್ಲಿ ಉಳಿಯದ ಮಾಲು ಅಲ್ಲಿನ ಒಣ ನೆಲದಲ್ಲಿ ಉಳಿದುಬಿಟ್ಟಿದೆ. ಒಬ್ಬರಿಗೆ ಅಂಥದ್ದೇ ಒಂದು ನೀಲಿ ತುಂಡು ಬೇಕಿತ್ತು. ಬಾಲ್ಕನಿಯಲ್ಲಿ ಡ್ರಮ್ ಇಟ್ಟೆ. ನೀಲಿ ಸುಮ್ನೆ ನೀರಿಗೆ ಹಾಕಿದರೆ ಕರಗುವ ಗಿರಾಕಿ ಅಲ್ಲ. ಸುಣ್ಣ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿ ಬರಿಸಬೇಕು. ಇಡ್ಲಿ ಹಿಟ್ಟಿನ ಹಾಗೆ ಬೆಚ್ಚಗೆ ಹೊದಿಸಿ, ಆಗಾಗ ಮುಚ್ಚಳ ತೆಗೆದು ನೋಡಬೇಕು. ವಾಸನೆ ಮಾತ್ರ ಇಡ್ಲಿಯದಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಸೊಸೈಟಿಯ ವಾಟ್ಸಾಪಿನಲ್ಲಿ ಗದ್ದಲ. ಗ್ಯಾಸ್ ಲೀಕ್! ಇಡೀ ಬಿ ವಿಂಗ್‌ನ ಪೈಪ್ ಬಂದ್. ಆಫೀಸಿಗೆ ಹೊರಟವರಿಗೆ ಚಹಾ ಇಲ್ಲ. ಸೆಕ್ರೆಟರಿ, ವಾಚ್‌ಮನ್, ಗ್ಯಾಸಿನ ಹುಡುಗ ಮೂವರೂ ಮೂಗು ಮುಂದೆ ಮಾಡಿಕೊಂಡು ಒಂದೊಂದೇ ಮಹಡಿ ಹತ್ತಿ ನಮ್ಮ ಬಾಗಿಲಿಗೇ ಬಂದು ನಿಂತರು. ಅತ್ತೆ ಅಪ್ಪಟ ಕನ್ನಡದಲ್ಲಿ, "ಗ್ಯಾಸ್ ಅಲ್ರೀ ಯಪ್ಪಾ, ನಮ್ಮ ಸೊಸಿ" ಅಂದರು. ಇದಕ್ಕಿಂತ ಒಳ್ಳೆ ವಕಾಲತ್ತು ಇನ್ನಾರಿಗೆ ಸಿಕ್ಕೀತು?

ನಾನು ನಿರಪರಾಧಿ ಅಂತ ತೋರಿಸಲು ಬಟ್ಟೆ ಅದ್ದಿ ಎತ್ತಿದೆ. ಹಸಿರು ಹಳದಿಯಾಗಿ ಬಂತು. "ನೋಡ್ತಾ ಇರಿ" ಅಂದೆ. ಗಾಳಿ ತಾಗುತ್ತಿದ್ದ ಹಾಗೆ ಅಂಚಿನಿಂದ ಶುರುವಾಗಿ ನೀಲಿಯಾಯಿತು. ಗ್ಯಾಸಿನ ಹುಡುಗ ಚಪ್ಪಾಳೆ ಹೊಡೆದ. ಸೆಕ್ರೆಟರಿ 500 ರೂಪಾಯಿ ದಂಡ ಹಾಕಿದರು.

ಕೈಗವಸು ತೂತಾಗಿದ್ದು ಆಮೇಲೆ ಗೊತ್ತಾಯಿತು. ಹತ್ತೂ ಬೆರಳು ನೀಲಿ. ಅದೇ ವಾರ ಚುನಾವಣೆ. ಮತಗಟ್ಟೆಯಲ್ಲಿ ಶಾಯಿ ಹಚ್ಚುವವರು ನನ್ನ ಕೈ ನೋಡಿದರು, ಮುಖ ನೋಡಿದರು, ಮತ್ತೆ ಕೈ ನೋಡಿದರು. "ಮೇಡಂ, ಇದುವರೆಗೆ ಎಷ್ಟು ಸಲ ವೋಟು ಹಾಕಿದಿರಿ?" ನಿಮ್ಮ ಶಾಯಿ ನಮ್ಮ ಮೈಸೂರಿನದು, 1962ರ ಚುನಾವಣೆಯಿಂದ ಅಲ್ಲಿಂದಲೇ ಬರುತ್ತಿದೆ, ಇದು ನಮ್ಮ ಬಾಲ್ಕನಿಯದು ಅಂತ ವಿವರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಕೊನೆಗೆ ಉಗುರಿನ ಬುಡದಲ್ಲಿ ಅಕ್ಕಿ ಕಾಳಿನಷ್ಟು ಬಿಳಿ ಜಾಗ ಹುಡುಕಿ ಗೆರೆ ಎಳೆದರು.

ಕುಲಾಯಿ ಪ್ರಸಂಗದ ಮುಂದೆ ಇದೆಲ್ಲ ಏನೂ ಅಲ್ಲ ಬಿಡಿ. ಮಾಟುಂಗಾ ಕಡೆ ರಾಜ್ಯೋತ್ಸವದ ನಾಟಕ, ಕೃಷ್ಣದೇವರಾಯನ ಉಡುಪು ಮಾಡಿಕೊಡಿ ಅಂತ ಕರೆ ಬಂತು. ನನಗೆ ಹಬ್ಬವೇ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಚಿನ್ನದ ಕಸೂತಿ ಗುಲಾಬಿಗಳ ಬಿಳಿ ಬಟ್ಟೆ, ತಲೆ ಮೇಲೆ ಜರತಾರಿ ಟೋಪಿ, ಬರಿಗಾಲು. ಲೇಪಾಕ್ಷಿಯ ಚಿತ್ರಗಳಲ್ಲೂ ಅಂಥ ಚೂಪು ಟೋಪಿಯ ಗಂಡಸರು ಸಾಲಾಗಿ ನಿಂತಿದ್ದಾರೆ. ಅದರ ಹೆಸರು ಕುಳ್ಳಾಯಿ. ಪರ್ಷಿಯನ್ನಿನ ಕುಲಾಹ್ ನಮ್ಮಲ್ಲಿಗೆ ಬಂದು ಹಾಗಾಯಿತು. ಇದನ್ನು ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಅವರ ಕಡೆ ಕುಲಾಯಿ ಅಂದರೆ ಕೂಸಿನ ಟೋಪಿ.

"ರಾಯಗ ಕುಲಾಯಿ ಹೊಲ್ಯಾಕತ್ತಿಯೇನು? ಅಂವೇನು ಕೂಸೇನವಾ? ಕುಂಚಿಗಿನೂ ಹೊಲಿ ಹಂಗಾರ."

ಹುಣಸೆ ಬೀಜದ ಅಂಟು ಹಚ್ಚಿ, ಪದರ ಪದರ ಬಟ್ಟೆ ಕೂಡಿಸಿ, ಮುಕ್ಕಾಲು ಮೊಳದ ಕುಲಾಯಿ ನಿಲ್ಲಿಸಿದೆ. ಅದನ್ನು ಚೀಲದಲ್ಲಿಟ್ಟು ಬೆಳಗಿನ ಲೋಕಲ್ ಹತ್ತಿದರೆ ದಾದರ್‌ನಲ್ಲಿ ಹಪ್ಪಳವಾಗಿ ಇಳಿಯುತ್ತದೆ. ಬೇರೆ ದಾರಿ ಕಾಣದೆ ತಲೆಗೇ ಹಾಕಿಕೊಂಡೆ. ಲೇಡೀಸ್ ಡಬ್ಬಿ ಒಂದು ಕ್ಷಣ ಸ್ತಬ್ಧ. ಆಮೇಲೆ ಒಬ್ಬಾಕೆ, "ಬರ್ತ್‌ಡೇ?" ಅಂದಳು. ವಿಜಯನಗರದ ಇತಿಹಾಸ ಹೇಳುವಷ್ಟು ಉಸಿರು ಇರಲಿಲ್ಲ, ಹೂಂ ಅಂದೆ. ಮೂವರು ಜರುಗಿ ನಾಲ್ಕನೇ ಸೀಟು ಕೊಟ್ಟರು! 11 ವರ್ಷದಲ್ಲಿ ಆ ಹೊತ್ತಿನಲ್ಲಿ ಇದೇ ಮೊದಲು. ಠಾಣೆ ದಾಟುವಾಗ ಯಾರದೋ ಡಬ್ಬಿಯಿಂದ ಒಂದು ಕರಂಜಿಯೂ ಬಂತು.

ಸಭಾಂಗಣದಲ್ಲಿ ಸಂಘಟಕರು, "ಕಿರೀಟ ಎಲ್ಲಿ ಮೇಡಂ?" ಅಂದರು.

"ನೀವು ವರ್ಷ ವರ್ಷ ತಿರುಪತಿಗೆ ಹೋಗ್ತೀರಲ್ವಾ? ಅಲ್ಲಿ ರಾಯರು ಇಬ್ಬರು ರಾಣಿಯರ ಜತೆ ಕೈ ಮುಗಿದು ನಿಂತ ಮೂರ್ತಿ ಇದೆ. ತಲೆ ಮೇಲೆ ಇದೇ ಇದೆ."

"ಅಲ್ಲಿ ಜರುಗಂಡಿ ಜರುಗಂಡಿ ಅಂತ ನೂಕ್ತಾರೆ ಮೇಡಂ. ಟೋಪಿ ಯಾರು ನೋಡ್ತಾರೆ?"

ವಾದಕ್ಕೆ ಟೈಮಿರಲಿಲ್ಲ. ಬಾಡಿಗೆ ಕಿರೀಟವನ್ನು ನನ್ನ ಕುಲಾಯಿಯ ಮೇಲೆಯೇ ಕೂರಿಸಿದರು. ದೂರದಿಂದ ಕಳಸವಿಟ್ಟ ಗೋಪುರ. ರಂಗದ ಮೇಲೆ ಮೊಳೆ ಇವೆ ಅಂತ ರಾಯರು ಸ್ಪೋರ್ಟ್ಸ್ ಶೂ ಹಾಕಿಕೊಂಡೇ ಬಂದರು. ಅಪ್ಪಾಜಿ ತಿಮ್ಮರಸುವಿನ ಕಾಲಿಗೆ ಬಾಗುವ ದೃಶ್ಯದಲ್ಲಿ ಕಿರೀಟ, ಕುಲಾಯಿ ಎರಡೂ ಹೋಗಿ ತಿಮ್ಮರಸುವಿನ ಮಡಿಲಿಗೆ ಬಿದ್ದವು. ಆತ ಘಟಾನುಘಟಿ ನಟ. ಕುಲಾಯಿ ಎತ್ತಿ ಕೂಸಿಗೆ ಹಾಕಿದ ಹಾಗೆ ಹಾಕಿ ಗಲ್ಲ ತಟ್ಟಿದ. ಮುಂದಿನ ಸಾಲಿನಲ್ಲಿ ನಮ್ಮ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಕೊನೆಗೆ ನನ್ನನ್ನು ವೇದಿಕೆಗೆ ಕರೆದು ಹಾರ, ಫಲತಾಂಬೂಲ, "ರೇಷ್ಮೆ" ಶಾಲು ಕೊಟ್ಟರು. ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಮನೆಗೆ ಬಂದು ಚಟಕ್ಕೆ ಬಿದ್ದು ಶಾಲಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಹತ್ತಿಯಾದರೆ ಕಾಗದದ್ದು. ಇದು ಕರಗಿ ಕರೀ ಮಣಿಯಾಯಿತು. ಪಾಲಿಯೆಸ್ಟರ್.

ಅಷ್ಟರಲ್ಲಿ ಬೆಲ್ ಆಯಿತು. ಕಾಕೂ, ಕೈಯಲ್ಲಿ ನಾಲ್ಕು ಸೀರೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದು ಬೆರಳು ಮಡಚಿ ತೋರಿಸಿದರು, ಸೀರೆಗೆ 150, ದುಡ್ಡು ಮೊದಲು. ಕಾಕೂ ಎಣಿಸಿ ಕೊಟ್ಟರು. ಸೆಕ್ರೆಟರಿಯ ದಂಡ ಕಟ್ಟಿ 100 ಉಳಿಯಿತು. ಕೈಗವಸು ತಂದೆ.