ಬಿಎಸ್‌ಎನ್‌ಎಲ್ ಕೈ ಕಟ್ಟಿದವರು ಯಾರು?

ಬಿಎಸ್‌ಎನ್‌ಎಲ್ ಹೆಸರು ಎತ್ತಿದರೆ ಸಾಕು, "ಅದರ ಕಥೆ ಎಂದೋ ಮುಗಿಯಿತು, ನೌಕರರ ಸೋಮಾರಿತನವೇ ಅದನ್ನು ಹಾಳು ಮಾಡಿತು" ಎಂದು ಜನ ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಇತ್ತೀಚೆಗೆ ನೆಂಟರ ಮನೆಯ ಪಡಸಾಲೆಯಲ್ಲೂ ಇದೇ ಮಾತು ಕೇಳಿದೆ. ಹೇಳಿದವರು ಓದಿ ತಿಳಿದವರೇ. ಆದರೂ ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ತಂತಿ ಎಳೆದು ಫೋನ್ ಕೊಡುತ್ತಿದ್ದ ಸಂಸ್ಥೆಯೊಂದು ಮೊಬೈಲ್ ಸೇವೆಗೆ ಇಳಿದಾಗ ಈ ದೇಶದಲ್ಲಿ ಏನಾಯಿತು, ಆಮೇಲೆ ಅದಕ್ಕೆ ಏನು ಮಾಡಲಾಯಿತು ಎಂಬುದನ್ನು ನೆನಪಿಟ್ಟುಕೊಂಡು ಮಾತಾಡಬೇಕು.

1995ರ ಜುಲೈ 31ರಂದು ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ದೂರಸಂಪರ್ಕ ಸಚಿವ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಅಲ್ಲಿಂದ ಮುಂದಿನ ಹಲವು ವರ್ಷ ಮೊಬೈಲ್ ಎಂದರೆ ದೊಡ್ಡ ಊರಿನ ದೊಡ್ಡವರ ಸೊತ್ತು. ಹೊರಹೋಗುವ ಕರೆಗೆ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಒಳಬರುವ ಕರೆಗೂ ದುಡ್ಡು ತೆರಬೇಕಿತ್ತು. ಪರವಾನಗಿ ಇದ್ದದ್ದು ಖಾಸಗಿ ಕಂಪನಿಗಳಿಗೆ ಮಾತ್ರ. ದೇಶಕ್ಕೆಲ್ಲ ದೂರವಾಣಿ ಕೊಟ್ಟ ಸರ್ಕಾರಿ ಇಲಾಖೆಗೆ ಮೊಬೈಲ್ ಸೇವೆಗೆ ಇಳಿಯಲು ದಾರಿ ತೆರೆದದ್ದು 1999ರ ಹೊಸ ದೂರಸಂಪರ್ಕ ನೀತಿ. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವಾ ಕೆಲಸವೆಲ್ಲ ಬಿಎಸ್‌ಎನ್‌ಎಲ್ ಎಂಬ ಕಂಪನಿಗೆ ವರ್ಗವಾಯಿತು. 2002ರ ಅಕ್ಟೋಬರ್ 19ರಂದು ಲಖನೌದಲ್ಲಿ ಪ್ರಧಾನಿ ವಾಜಪೇಯಿ ಅದರ ಮೊಬೈಲ್ ಸೇವೆಗೆ ಚಾಲನೆ ಕೊಟ್ಟರು. 'ಸೆಲ್‌ಒನ್' ಎಂಬ ಹೆಸರು ಊರೂರಿಗೆ ತಲುಪಿತು.

ಖಾಸಗಿಯವರಿಗಿಂತ ಏಳು ವರ್ಷ ತಡವಾಗಿ ಬಂದ ಸಂಸ್ಥೆ ಹಳ್ಳಿಯ ಕಡೆ ಅಷ್ಟು ಬೇಗ ಹೇಗೆ ಹರಡಿತು? ಉತ್ತರ ನೆಲದಡಿಯ ತಂತಿಯಲ್ಲಿದೆ. ಮೊಬೈಲ್ ಕರೆ ಗಾಳಿಯಲ್ಲಿ ಸಾಗುವುದು ನಮ್ಮ ಕೈಯಿಂದ ಹತ್ತಿರದ ಟವರ್‌ವರೆಗೆ ಮಾತ್ರ. ಮುಂದಿನ ದಾರಿಯಲ್ಲಿ ಹೆಚ್ಚಿನದು ಕೇಬಲ್ಲಿನದು, ಕರೆಯನ್ನು ಸರಿಯಾದ ನಂಬರಿಗೆ ತಿರುಗಿಸುವ ಸ್ವಿಚ್ಚಿನದು. ಆ ದಾರಿಯನ್ನು ಬಿಎಸ್‌ಎನ್‌ಎಲ್ ಮೊದಲೇ ಸವೆಸಿತ್ತು. ಹೋಬಳಿ ಮಟ್ಟದಲ್ಲೂ ಟೆಲಿಫೋನ್ ಎಕ್ಸ್‌ಚೇಂಜ್ ಇತ್ತು. ಸ್ವಂತ ಕಟ್ಟಡ, ಬ್ಯಾಟರಿ, ಊರಿನ ಮೂಲೆಮೂಲೆ ಬಲ್ಲ ಲೈನ್‌ಮನ್ ಇದ್ದರು. ಎಕ್ಸ್‌ಚೇಂಜಿನ ಅಂಗಳದಲ್ಲೇ ಟವರ್ ಎದ್ದು ನಿಂತಿತು. ಜಾಗ ಹುಡುಕುವ, ಬಾಡಿಗೆ ಮಾತಾಡುವ, ಹೊಸದಾಗಿ ಕೇಬಲ್ ಎಳೆಯುವ ತಾಪತ್ರಯವೇ ಅಲ್ಲಿರಲಿಲ್ಲ. ಹಳ್ಳಿ ಎಕ್ಸ್‌ಚೇಂಜಿನ ಮಾತು ಬಂದದ್ದರಿಂದ ಹೇಳುತ್ತೇನೆ: ಹವಾನಿಯಂತ್ರಣವಿಲ್ಲದೆ ನಮ್ಮ ಸೆಖೆ, ದೂಳಿನಲ್ಲೂ ಕೆಲಸ ಮಾಡುವಂತೆ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಇದು ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಕಾದ ಸಂಗತಿ.

ಸಿಮ್ ಕೊಡಲು ಶುರುವಾದಾಗ ನಮ್ಮ ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜ್ ಮುಂದೆ ಬಾಗಿಲು ತೆರೆಯುವ ಮೊದಲೇ ಸಾಲು ನಿಂತಿರುತ್ತಿತ್ತು. ಅಡಿಕೆ ವ್ಯಾಪಾರಿ, ಹೈಸ್ಕೂಲು ಮೇಷ್ಟ್ರು, ಜೀಪ್ ಓಡಿಸುವವರು, ಮಗ ಬೆಂಗಳೂರಿನಲ್ಲಿರುವ ತಾಯಿ. ಎಲ್ಲರ ಕೈಯಲ್ಲೂ ಪಡಿತರ ಚೀಟಿಯ ಜೆರಾಕ್ಸ್, ಅದಕ್ಕೆ ಪಿನ್ನು ಚುಚ್ಚಿದ ಫೋಟೊ. ಹ್ಯಾಂಡ್‌ಸೆಟ್ ಇನ್ನೂ ಕೊಳ್ಳದವರು ಕೂಡ, ಮೊದಲು ನಂಬರ್ ಕೈಗೆ ಬರಲಿ ಎಂದು ಕಾದಿದ್ದರು. ಮೆಟ್ಟಿಲ ಬಳಿ ನಿಂತಿದ್ದ ಲೈನ್‌ಮನ್ ಒಬ್ಬೊಬ್ಬರಿಗೂ ಊರು ಕೇಳಿ, "ನಿಮ್ಮಲ್ಲಿ ಸಿಗ್ನಲ್ ಬರುತ್ತದೆ ಯಜಮಾನರೇ, ಗುಡ್ಡದ ಆಚೆ ತಗ್ಗಿನಲ್ಲಿ ಮನೆಯಿದ್ದರೆ ಈಗಲೇ ದುಡ್ಡು ಕಟ್ಟಬೇಡಿ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಯಾವ ಮನೆ ಯಾವ ತಗ್ಗಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಏಕೆಂದರೆ ಆ ಮನೆಗಳಿಗೆ ತಂತಿ ಎಳೆದವರು ಅವರೇ. ಇಂಥ ತಿಳಿವಳಿಕೆಯನ್ನು ಯಾವ ಹರಾಜಿನಲ್ಲೂ ಕೊಳ್ಳಲಾಗುವುದಿಲ್ಲ. 9448ರಿಂದ ಶುರುವಾಗುವ ನಂಬರನ್ನು ಇವತ್ತಿಗೂ ಬದಲಿಸದೆ ಉಳಿಸಿಕೊಂಡವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ.

ದರ ಇಳಿಯಿತು. 2003ರ ಮೇ ತಿಂಗಳಲ್ಲಿ ಹೊಸ ನಿಯಮ ಬಂದು ದೇಶದಲ್ಲೆಲ್ಲ ಒಳಬರುವ ಕರೆ ಉಚಿತವಾಯಿತು. 2006ರ ಮಾರ್ಚ್‌ನಲ್ಲಿ ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಯೋಜನೆ ತಂದು, ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಿತು. ಎಸ್‌ಟಿಡಿ ಬೂತಿನಲ್ಲಿ ಮೀಟರಿನ ಅಂಕಿಯನ್ನೇ ನೋಡುತ್ತಾ, ಹೇಳಬೇಕಾದದ್ದರಲ್ಲಿ ಅರ್ಧ ನುಂಗಿಕೊಂಡು ಫೋನ್ ಇಟ್ಟವರಿಗೆ ಆ ಒಂದು ರೂಪಾಯಿಯ ಬೆಲೆ ಗೊತ್ತು. ಇಷ್ಟೆಲ್ಲ ಅಗ್ಗ ಮಾಡಿದ್ದರಿಂದಲೇ ಕಂಪನಿ ಕೆಟ್ಟಿತು ಎನ್ನುವವರಿಗೆ ಒಂದು ಲೆಕ್ಕ: 2004-05ರಲ್ಲಿ ಬಿಎಸ್‌ಎನ್‌ಎಲ್ ಲಾಭ 10,000 ಕೋಟಿ ರೂಪಾಯಿ ದಾಟಿತ್ತು.

ಕೆಟ್ಟದ್ದು ಆಮೇಲೆ, ಕಣ್ಣೆದುರಿಗೇ. ಗ್ರಾಹಕರು ಮುಗಿಬೀಳುತ್ತಿದ್ದ ಹೊತ್ತಿನಲ್ಲಿ ಟವರ್‌ಗಳಿಗೆ ಉಪಕರಣ ಬೇಕಿತ್ತು. 4.5 ಕೋಟಿ ಸಂಪರ್ಕಗಳ ದೊಡ್ಡ ಟೆಂಡರ್ ವ್ಯಾಜ್ಯಕ್ಕೆ ಸಿಲುಕಿ, 2007ರಲ್ಲಿ ಅರ್ಧಕ್ಕೆ ಇಳಿಯಿತು. 9.3 ಕೋಟಿ ಸಂಪರ್ಕಗಳ ಇನ್ನೊಂದು ಟೆಂಡರ್ 2010ರಲ್ಲಿ ರದ್ದೇ ಆಯಿತು. ಖಾಸಗಿಯವರು ಒಂದು ಸಭೆಯಲ್ಲಿ ತೀರ್ಮಾನಿಸಿ ಟವರ್ ನೆಡುತ್ತಿದ್ದರೆ ಇಲ್ಲಿ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ನಷ್ಟವಾದರೂ ಹಳ್ಳಿಯ ಸ್ಥಿರ ದೂರವಾಣಿಯನ್ನು ನಡೆಸುತ್ತಿದ್ದುದಕ್ಕೆ ಇತರ ಕಂಪನಿಗಳಿಂದ ಸಿಗುತ್ತಿದ್ದ ಶುಲ್ಕ 2008ರಲ್ಲಿ ನಿಂತಿತು. ಹಳ್ಳಿಯ ಹೊಣೆ ಮಾತ್ರ ಹೆಗಲ ಮೇಲೇ ಉಳಿಯಿತು. 2010ರಲ್ಲಿ 3ಜಿ ಮತ್ತು ಬ್ರಾಡ್‌ಬ್ಯಾಂಡ್ ತರಂಗಾಂತರಕ್ಕಾಗಿ, ಎಂದರೆ ಸಿಗ್ನಲ್ ಸಾಗುವ ರೇಡಿಯೊ ಅಲೆಗಳ ಬಳಕೆಯ ಹಕ್ಕಿಗಾಗಿ, ಖಾಸಗಿಯವರು ಹರಾಜಿನಲ್ಲಿ ಕೂಗಿದ ಬೆಲೆಯಲ್ಲೇ ಸುಮಾರು 18,500 ಕೋಟಿ ರೂಪಾಯಿಯನ್ನು ಸರ್ಕಾರಕ್ಕೆ ಕಟ್ಟಬೇಕಾಯಿತು. ಕೂಡಿಟ್ಟ ಹಣ ಹೀಗೆ ಕರಗಿತು. 2009-10ರಿಂದ ನಷ್ಟದ ಲೆಕ್ಕ ಶುರು.

4ಜಿಯದು ಇನ್ನೂ ನೋವಿನ ಕಥೆ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ 4ಜಿ ಬಂದದ್ದು 2012ರಲ್ಲಿ. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡುವ ತೀರ್ಮಾನವನ್ನು ಸಂಪುಟ ಕೈಗೊಂಡದ್ದು 2019ರ ಅಕ್ಟೋಬರ್‌ನಲ್ಲಿ. ಸಂಸ್ಥೆಯ ಪುನಶ್ಚೇತನಕ್ಕೆಂದು ಸಂಪುಟ ಅಂದು ಒಪ್ಪಿದ ಪ್ಯಾಕೇಜಿನ ಸ್ವಯಂ ನಿವೃತ್ತಿ ಯೋಜನೆಯಡಿ 2020ರ ಜನವರಿ 31ರಂದು 78,000ಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರನಡೆದರು. ಗುಡ್ಡ, ತಗ್ಗು ಬಲ್ಲ ಎಷ್ಟೋ ಲೈನ್‌ಮನ್‌ಗಳೂ ಅವರಲ್ಲಿದ್ದರು. ಅದೇ ವರ್ಷ 4ಜಿ ಟೆಂಡರ್ ರದ್ದಾಗಿ, ದೇಶೀಯ ಉಪಕರಣವನ್ನೇ ಬಳಸಬೇಕೆಂಬ ಷರತ್ತು ಬಂತು. ಖಾಸಗಿಯವರಿಗೆ ವಿದೇಶಿ ಉಪಕರಣ, ಇವರಿಗೆ ಇನ್ನೂ ತಯಾರಾಗಬೇಕಿದ್ದ ಉಪಕರಣ. ಸ್ವದೇಶಿ ತಂತ್ರಜ್ಞಾನ ನನಗೂ ಹೆಮ್ಮೆಯೇ. ಸಿ-ಡಾಟ್ ಮತ್ತು ಟಿಸಿಎಸ್ ಜೊತೆ ದೂರಸಂಪರ್ಕ ಉಪಕರಣ ತಯಾರಿಸುವ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಆ ಕೆಲಸ ಮಾಡಿ ತೋರಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಪ್ರಯೋಗದ ವರ್ಷಗಳ ವೆಚ್ಚವನ್ನು ಒಂದೇ ಸಂಸ್ಥೆ ಹೊತ್ತಿದ್ದು ಅನ್ಯಾಯ. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಮೋದಿ ಈ 4ಜಿ ಜಾಲವನ್ನು ಉದ್ಘಾಟಿಸುವ ಹೊತ್ತಿಗೆ ಬೆಂಗಳೂರಿನ ಮೊದಲ 4ಜಿಗೆ ಹದಿಮೂರು ವರ್ಷ ತುಂಬಿತ್ತು.

ಸಂಸ್ಥೆಯೊಳಗೆ ತಪ್ಪುಗಳಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದವು, ಇವೆ. ಆದರೆ ಲಾಭ ತಂದಾಗಲೂ ನಷ್ಟ ತಂದಾಗಲೂ ಇದ್ದದ್ದು ಹೆಚ್ಚುಕಡಿಮೆ ಅದೇ ನೌಕರರು ಎಂಬುದನ್ನು ಮರೆಯಬಾರದು.

2024ರ ಜುಲೈನಲ್ಲಿ ಖಾಸಗಿಯವರು ಒಬ್ಬರ ಹಿಂದೊಬ್ಬರು ದರ ಏರಿಸಿದಾಗ ಏನಾಯಿತು? ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ 29 ಲಕ್ಷ ಗ್ರಾಹಕರು ಸೇರಿದರು, ಅದೂ 4ಜಿ ಇನ್ನೂ ಎಲ್ಲೆಡೆ ಬಾರದ ಹೊತ್ತಿನಲ್ಲಿ. ದರದ ವಿಷಯದಲ್ಲಿ ಸರ್ಕಾರಿ ಸಂಸ್ಥೆಯೊಂದು ಕಣದಲ್ಲಿರುವುದು ನಮಗೆ ಇವತ್ತಿಗೂ ಬೇಕು.

ಆದ್ದರಿಂದ ನಮ್ಮ ಸಂಸದರಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ನನ್ನ ಕೇಳಿಕೆ ಇಷ್ಟು. ಮಲೆನಾಡಿನಲ್ಲಿ ಜೋರು ಮಳೆಗೆ ಕರೆಂಟ್ ಹೋದೊಡನೆ ಟವರ್ ಸುಮ್ಮನಾಗುವ ದೂರು ಹಳೆಯದು. ಹೊಸ 4ಜಿ ಉಪಕರಣ ಕೂರಿಸಿದ ಟವರ್‌ಗಳಿಗೆ ಹೊಸ ಬ್ಯಾಟರಿಯನ್ನೂ ಕೊಡಿಸಿ, ಜನರೇಟರ್‌ಗೆ ಡೀಸೆಲ್ ಹಾಕುವ ಹೊಣೆ ಯಾರದೆಂದು ಬರಹದಲ್ಲಿ ಗೊತ್ತುಮಾಡಿಸಿ. ಕೇಬಲ್ ತುಂಡಾದರೆ ಜೋಡಿಸಲು ಪ್ರತಿ ಹೋಬಳಿಗೂ ಸ್ಥಳೀಯರೊಬ್ಬರನ್ನು ಕಾಯಂ ಆಗಿ ನೇಮಿಸಲಿ. ಕೆಟ್ಟ ಭಾಗ ಬದಲಿಸುವ ಅಧಿಕಾರ ಮತ್ತು ಹಣ ಜಿಲ್ಲಾ ಕಚೇರಿಯಲ್ಲೇ ಇರಲಿ. ಮುಂದಿನ ಅಧಿವೇಶನದಲ್ಲಿ ನಿಮ್ಮ ಕ್ಷೇತ್ರದ ಯಾವ ಟವರ್ ಎಷ್ಟು ಗಂಟೆ ಸ್ಥಗಿತಗೊಂಡಿತ್ತು ಎಂಬ ಪ್ರಶ್ನೆ ಕೇಳಿ, ಸಿಕ್ಕ ಉತ್ತರವನ್ನು ಕ್ಷೇತ್ರದ ಜನರ ಮುಂದಿಡಿ.